ಕಣ್ಣು ಬಿಟ್ಟ ಇಂಜೆರಾ: ರಾಗಿ ಹಿಟ್ಟಿನಲ್ಲಿ ಏಳು ಒಬ್ಬೆ

ಇಂಜೆರಾ ಅಂದರೆ ಹುದುಗಿದ ಹಿಟ್ಟಿನಿಂದ ಹೊಯ್ಯುವ, ದೋಸೆಯಂಥ ಇಥಿಯೋಪಿಯದ ರೊಟ್ಟಿ. ಅದರ ಮೈಮೇಲಿನ ತೂತುಗಳಿಗೆ ಅಲ್ಲಿನ ಅಮ್ಹಾರಿಕ್ ಭಾಷೆಯಲ್ಲಿ ‘ಐನ್’ ಅನ್ನುತ್ತಾರೆ. ಐನ್ ಅಂದರೆ ಕಣ್ಣು. ಇಥಿಯೋಪಿಯದ ಬಹಿರ್ ದಾರ್‌ನಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿ, ಕಾವಲಿಯಿಂದ ಎತ್ತಿದ ಪ್ರತಿ ಇಂಜೆರಾವನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಕಣ್ಣು ಒತ್ತೊತ್ತಾಗಿ, ಅಂಚಿನಿಂದ ನಡುವಿನವರೆಗೂ ಒಂದೇ ಸಮ ಇದ್ದರೆ ಅದು ಅತಿಥಿಗೆ. ಎಲ್ಲಾದರೂ ನುಣ್ಣಗೆ ಕುರುಡಾಗಿ ಉಳಿದಿದ್ದರೆ ಅದು ಮನೆಯವರ ಬೆಳಗಿನ ಫಿರ್‌ಫಿರ್‌ಗೆ, ಅಂದರೆ ಹರಿದು ಮಸಾಲೆಯಲ್ಲಿ ಕಲಸುವುದಕ್ಕೆ.

2012ರಿಂದ ಮೂರು ವರ್ಷ ನಾನು ಆ ಊರಲ್ಲಿ ಪಾಠ ಹೇಳುತ್ತಿದ್ದೆ. ತಾನಾ ಸರೋವರದ ದಂಡೆಯ ಊರು, ನೀಲಿ ನೈಲ್ ಹೊರಡುವ ಜಾಗ, ಸಮುದ್ರಮಟ್ಟದಿಂದ 1,800 ಮೀಟರ್ ಎತ್ತರ. ಮಾಂಸ ಮುಟ್ಟದ ನಾನು ಏನು ತಿಂದು ಬದುಕುತ್ತೇನೋ ಎಂದು ಮೈಸೂರಿನಲ್ಲಿ ಅಮ್ಮ ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಟ್ಟಿದ್ದರು. ಹೋದ ಮೊದಲ ವಾರದಲ್ಲೇ ಕಲಿತ ಒಂದು ಮಾತು ಮೂರು ವರ್ಷ ನನ್ನನ್ನು ಸಾಕಿತು: ‘ಯೆತ್ಸೋಮ್’. ಉಪವಾಸದ್ದು ಎಂದು ಅರ್ಥ. ಇಥಿಯೋಪಿಯದ ಆರ್ಥೊಡಾಕ್ಸ್ ಕ್ರೈಸ್ತರು ಪ್ರತಿ ಬುಧವಾರ, ಶುಕ್ರವಾರ, ಈಸ್ಟರ್‌ಗೆ ಮುಂಚೆ 55 ದಿನ, ಇನ್ನೂ ಹಲವು ಕಾಲಗಳಲ್ಲಿ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಬಿಡುತ್ತಾರೆ. ಎಲ್ಲ ಸೇರಿಸಿದರೆ ವರ್ಷದಲ್ಲಿ ಸುಮಾರು ಅರ್ಧ. ಹಾಗಾಗಿ ಸಸ್ಯಾಹಾರಿಗೆಂದು ಅಲ್ಲಿ ಯಾರೂ ಏನನ್ನೂ ತೆಗೆದು ಬದಲಿಸಬೇಕಿಲ್ಲ. ಬೇಳೆ, ಕಾಳು, ಸೊಪ್ಪು, ಎಣ್ಣೆಯ ಅಡುಗೆ ಅವರ ಸ್ವಂತದ್ದು, ಶತಮಾನಗಳಿಂದ ತಿದ್ದಿ ತೀಡಿದ್ದು.

ಇನ್ನೊಂದು ದಿನ ಸಂತೆಯಲ್ಲಿ ಚೀಲದ ಬಾಯಿ ಬಿಚ್ಚಿಟ್ಟಿದ್ದ ಧಾನ್ಯ ನೋಡಿ ನಿಂತುಬಿಟ್ಟೆ. ರಾಗಿ! ಅವರು ಅದನ್ನು ‘ದಗುಸಾ’ ಅನ್ನುತ್ತಾರೆ. ಗೊಜ್ಜಾಮ್, ಗೊಂದರ್ ಕಡೆ ಅದರ ಇಂಜೆರಾ ಮಾಡುತ್ತಾರೆ, ‘ತೆಲ್ಲಾ’ ಎಂಬ ಮನೆಬೀರು ಇಳಿಸುತ್ತಾರೆ. ರಾಗಿ ಹುಟ್ಟಿದ್ದು ಇಥಿಯೋಪಿಯ, ಉಗಾಂಡ ಕಡೆಯ ಎತ್ತರದ ನೆಲದಲ್ಲಿ, ಸಾವಿರಾರು ವರ್ಷಗಳ ಹಿಂದೆ ಅದು ನಮ್ಮಲ್ಲಿಗೆ ಬಂತು ಎಂದು ಓದಿದ್ದು ಬೇರೆ. ಹೆಸರು ಗೊತ್ತಿಲ್ಲದ ಸಂತೆಯಲ್ಲಿ ಅದನ್ನು ಕೈಯಲ್ಲಿ ಹಿಡಿದದ್ದು ಬೇರೆ.

ಈ ವರ್ಷ ಜನವರಿಯಲ್ಲಿ ಮೈಸೂರಿನ ನಮ್ಮ ಮನೆಯ ಹಿತ್ತಿಲಲ್ಲಿ ಶುರುಮಾಡಿದ ಕೆಲಸದ ಲೆಕ್ಕ ಇದು. ಗುರಿ ಒಂದೇ: ಇಲ್ಲಿ ಸಿಗುವ ರಾಗಿಯಲ್ಲಿ, ಸೋಡಾ ಹಾಕದೆ, ಅಂಚಿನವರೆಗೂ ಕಣ್ಣು ಬಿಟ್ಟ ಇಂಜೆರಾ.

ಜನವರಿ 9 – 15: ಎರ್ಶೋ

ಇಂಜೆರಾಕ್ಕೆ ನಿಜವಾಗಿ ಬೇಕಾದ ಧಾನ್ಯ ತೆಫ್. ರಾಗಿಗಿಂತ ಬಹಳ ಸಣ್ಣದು. ಒಂದು ಗ್ರಾಮಿಗೆ 3,000 ಕಾಳು ತೂಗುತ್ತದೆ. ರಾಗಿಯಾದರೆ 350–400 ಇರಬಹುದು. ಒಂದು ಕೆಜಿ ತೆಫ್ ಹಿಟ್ಟು ಆನ್‌ಲೈನಿನಲ್ಲಿ ತರಿಸಿ ಮುಚ್ಚಿಟ್ಟೆ. ಮೊದಲು ರಾಗಿಯಲ್ಲೇ ಕೈ ಪಳಗಲಿ, ಅದು ಕೊನೆಗೆ ಹೋಲಿಸಿ ನೋಡಲು ಇರಲಿ ಅಂತ.

ಎರ್ಶೋ ಅಂದರೆ ಹುದುಗಿದ ಹಿಟ್ಟಿನ ಮೇಲೆ ತೇಲಿ ನಿಲ್ಲುವ ಹಳದಿ ಮಿಶ್ರಿತ ನೀರು. ಅದೇ ಮುಂದಿನ ಒಬ್ಬೆಗೆ ಹೆಪ್ಪು. ಹೆಪ್ಪು ಕೊಡುವವರು ಯಾರೂ ಇಲ್ಲದಿದ್ದರೆ ನಾವೇ ಹುಟ್ಟಿಸಿಕೊಳ್ಳಬೇಕು. 100 ಗ್ರಾಂ ರಾಗಿ ಹಿಟ್ಟು, 150 ಎಂ.ಎಲ್. ನೀರು ಗಾಜಿನ ಜಾಡಿಯಲ್ಲಿ ಕಲಸಿ ಬಟ್ಟೆ ಕಟ್ಟಿಟ್ಟೆ. ಉಪ್ಪು ಇಲ್ಲ. ನಲ್ಲಿ ನೀರಿನ ಕ್ಲೋರಿನ್ ಹುದುಗನ್ನು ತಡೆಯುತ್ತದೆಂದು ಕುದಿಸಿ ಆರಿಸಿದ ನೀರನ್ನೇ ಬಳಸಿದೆ.

ಎರಡನೇ ದಿನ ಒಂದು ಥರದ ಹಸಿ, ಕೊಳೆತ ವಾಸನೆ. ಗಾಬರಿಯಾಗಬಾರದು, ಮೊದಲು ಏಳುವ ಬ್ಯಾಕ್ಟೀರಿಯಾಗಳು ಬೇರೆ, ಆಮ್ಲ ಏರಿದಂತೆ ಅವು ಸತ್ತು ಲ್ಯಾಕ್ಟಿಕ್ ಜಾತಿಯವೂ ಯೀಸ್ಟ್‌ಗಳೂ ಉಳಿಯುತ್ತವೆ. ದಿನಕ್ಕೊಮ್ಮೆ ಅರ್ಧ ತೆಗೆದುಹಾಕಿ ಎರಡು ಚಮಚ ಹೊಸ ಹಿಟ್ಟು, ನೀರು ಕೊಟ್ಟೆ. ಐದನೇ ದಿನಕ್ಕೆ ಹುಳಿ ಅಂಬಲಿಯ ವಾಸನೆ ಬಂತು. ನಮ್ಮಜ್ಜಿಯ ಮನೆಯ ಅಂಬಲಿ ಗಡಿಗೆಯ ವಾಸನೆ ಅದು, ತುಂಬ ವರ್ಷದ ಮೇಲೆ ಮೂಗಿಗೆ ಬಿದ್ದದ್ದು. ಏಳನೇ ದಿನ ಹಿಟ್ಟು ತಳಕ್ಕಿಳಿದು ಮೇಲೆ ಎರಡು ಬೆರಳು ತಿಳಿನೀರು ನಿಂತಿತು. ಎರ್ಶೋ ಸಿದ್ಧ.

ಜನವರಿ 17: ಮೊದಲ ಒಬ್ಬೆ, ಕುರುಡು

ಅರ್ಧ ಕೆಜಿ ರಾಗಿ ಹಿಟ್ಟು, 750 ಎಂ.ಎಲ್. ನೀರು, ಅರ್ಧ ಲೋಟ ಎರ್ಶೋ. ಕೈಯಿಂದ ಹತ್ತು ನಿಮಿಷ ಚೆನ್ನಾಗಿ ನಾದಿ ನಲವತ್ತೆಂಟು ಗಂಟೆ ಇಟ್ಟೆ. ಮೇಲಿನ ಕರಿನೀರು ಬಸಿದು, ತೆಳ್ಳಗೆ ಮಾಡಿ, ದೋಸೆ ಕಾವಲಿಗೆ ಹೊಯ್ದೆ. ಬಂದದ್ದು ರಾಗಿ ದೋಸೆ. ಅದೂ ಉದ್ದಿಲ್ಲದ ದೋಸೆ: ಮೇಲೆಲ್ಲ ನುಣುಪು, ನಡುವೆ ಬಿರುಕು, ಮಡಿಸಿದರೆ ಮುರಿಯಿತು.

ಬೇಕೆಂದೇ ಒಂದು ಹೆಜ್ಜೆ ಬಿಟ್ಟಿದ್ದೆ. ಆ ಹೆಜ್ಜೆ ಎಷ್ಟು ಮುಖ್ಯ ಅನ್ನುವುದನ್ನು ಕಣ್ಣಾರೆ ನೋಡಬೇಕಿತ್ತು. ಅದರ ಹೆಸರು ಅಬ್ಸಿತ್.

ಜನವರಿ 24: ಎರಡನೇ ಒಬ್ಬೆ, ಅಬ್ಸಿತ್ ನೀರಾದದ್ದು

ಹುದುಗಿದ ಹಿಟ್ಟಿನ ಹತ್ತನೇ ಒಂದು ಭಾಗ ತೆಗೆದು, ಕುದಿಯುವ ನೀರಿಗೆ ಹಾಕಿ ಗಂಜಿ ಕಾಯಿಸಿ, ಉಗುರುಬೆಚ್ಚಗಾದ ಮೇಲೆ ಮಿಕ್ಕ ಹಿಟ್ಟಿಗೆ ಕಲಸಿ, ಮತ್ತೆ ಒಂದೆರಡು ಗಂಟೆ ಉಬ್ಬಲು ಬಿಡುವುದು. ಇದೇ ಅಬ್ಸಿತ್. ನಮ್ಮ ದೋಸೆ ಹಿಟ್ಟಿನಲ್ಲಿ ಗಾಳಿಯನ್ನು ಹಿಡಿದಿಡುವುದು ಉದ್ದಿನ ಲೋಳೆ. ತೆಫ್‌ನಲ್ಲಾಗಲಿ ರಾಗಿಯಲ್ಲಾಗಲಿ ಆ ಲೋಳೆಯಿಲ್ಲ, ಗೋಧಿಯ ಅಂಟೂ ಇಲ್ಲ. ಆ ಕೆಲಸವನ್ನು ಬೆಂದ ಪಿಷ್ಟ ಮಾಡುತ್ತದೆ. ಕೇರಳದವರು ಅಪ್ಪಂ ಹಿಟ್ಟಿಗೆ ‘ಕಪ್ಪಿ’ ಕಾಯಿಸಿ ಹಾಕುವುದೂ, ನಮ್ಮಲ್ಲಿ ದೋಸೆಗೆ ಹಿಡಿ ಅನ್ನ ರುಬ್ಬಿ ಹಾಕುವುದೂ ಇದೇ ಜಾಡಿನ ಉಪಾಯ. ದೂರದೂರದ ಹೆಂಗಸರು ಒಲೆಯ ಮುಂದೆ ನಿಂತು ಒಂದೇ ಸಂಗತಿಯನ್ನು ಕಂಡುಕೊಂಡಿದ್ದಾರೆ.

ಆದರೆ ಆವತ್ತು ಗಂಜಿ ಗಟ್ಟಿಯಾಗಲೇ ಇಲ್ಲ. ಕಾಯಿಸುವಾಗ ದಪ್ಪವಾದಂತೆ ತೋರಿ, ಐದು ನಿಮಿಷದಲ್ಲಿ ಸಾರಿನಂತೆ ತೆಳ್ಳಗಾಯಿತು. ಮತ್ತೊಂದು ಸೌಟು ಹಿಟ್ಟು ಹಾಕಿದೆ, ಅದೂ ಹಾಗೇ. ಡಬ್ಬದ ಚೀಟಿ ನೋಡಿದ ಮೇಲೆ ಕಾರಣ ಸಿಕ್ಕಿತು: ಆ ಒಬ್ಬೆಗೆ ನಾನು ತೆಗೆದದ್ದು ಮೊಳಕೆ ರಾಗಿ ಹಿಟ್ಟು. ಮೊಳೆತ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಏಳುತ್ತದೆ, ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡುತ್ತದೆ. ಮಕ್ಕಳ ಮಾಲ್ಟ್ ಗಂಜಿ ತೆಳ್ಳಗೆ, ಸಿಹಿಯಾಗಿ, ಸುಲಭವಾಗಿ ಇಳಿಯುವುದು ಇದೇ ಕಾರಣಕ್ಕೆ. ಅಲ್ಲಿ ಗುಣ, ಇಲ್ಲಿ ದೋಷ. ಇಡೀ ಪಾತ್ರೆ ಹಸುವಿಗೆ ಹೋಯಿತು. ನೀವು ಮಾಡುವುದಾದರೆ ಮೊಳಕೆ ಹಿಟ್ಟೂ ಬೇಡ, ಹುರಿಹಿಟ್ಟೂ ಬೇಡ. ಹಸಿ ರಾಗಿಯನ್ನು ನುಣ್ಣಗೆ ಬೀಸಿಸಿ, ವಸ್ತ್ರಗಾಳಿಸಿದ ಹಿಟ್ಟು ಬೇಕು.

ಹಿಟ್ಟಿನ ಮಾತು ಬಂತಲ್ಲ, ಒಂದು ಸಂಗತಿ ಹೇಳಬೇಕು. ನಮಗೆ ರಾಗಿ ಬರುವುದು ಸೋದರಮಾವನ ಹೊಲದಿಂದ, ಜಿಪಿಯು 28 ತಳಿ. ಮಂಡ್ಯದ ವಿ.ಸಿ. ಫಾರಂನಲ್ಲಿ ಜೀವಮಾನ ಕಳೆದ ‘ರಾಗಿ’ ಲಕ್ಷ್ಮಣಯ್ಯನವರು ನಮ್ಮ ನಾಟಿ ರಾಗಿಯನ್ನು ಆಫ್ರಿಕದ ರಾಗಿಯೊಂದಿಗೆ ಕೂಡಿಸಿ ತಳಿಗಳನ್ನು ಬಿಡಿಸಿದರು. ಇಂಡಿಯಾದ ‘ಇಂಡ್’, ಆಫ್ರಿಕದ ‘ಆಫ್’ ಸೇರಿ ಅವುಗಳ ಹೆಸರು ಇಂಡಾಫ್. ಜಿಪಿಯು 28ರ ವಂಶದಲ್ಲಿ ಆ ಇಂಡಾಫ್ ತಳಿಗಳಿವೆ. ಅಂದರೆ ಸಾವಿರಾರು ವರ್ಷ ಹಿಂದೆ ಮನೆ ಬಿಟ್ಟು ಬಂದ ರಾಗಿ, ಮಂಡ್ಯದಲ್ಲಿ ತವರಿನವರನ್ನು ಮತ್ತೆ ಕಂಡಿತು. ನನ್ನ ಪಾತ್ರೆಯಲ್ಲಿ ಹುದುಗುತ್ತಿರುವುದು ಆ ಎರಡೂ ಕಡೆಯ ಕಾಳು.

ಜನವರಿ 31: ಮೂರನೇ ಒಬ್ಬೆ

ಸರಿಯಾದ ಹಿಟ್ಟು, ಸರಿಯಾದ ಅಬ್ಸಿತ್. ಒಂದು ಲೋಟ ಹುದುಗಿದ ಹಿಟ್ಟಿಗೆ ಎರಡೂವರೆ ಲೋಟ ನೀರು. ಆರು ನಿಮಿಷದಲ್ಲಿ ಸೌಟಿನಿಂದ ಪದರ ಪದರವಾಗಿ ಬೀಳುವ ಗಂಜಿ. ಕಲಸಿ ಒಂದು ಗಂಟೆ ಬಿಟ್ಟರೆ ಹಿಟ್ಟು ಎರಡು ಅಂಗುಲ ಏರಿತು, ಮೇಲೆಲ್ಲ ಸಣ್ಣ ಗುಳ್ಳೆ. ಕಿವಿಗೊಟ್ಟರೆ ಚಿಟಿಚಿಟಿ ಸದ್ದು.

ಕಾವಲಿಗೆ ಹೊಯ್ದಾಗ ಮೊದಲ ಬಾರಿಗೆ ಕಣ್ಣು ಬಿಟ್ಟವು. ಆದರೆ ನಡುವೆ ಮಾತ್ರ, ಅಂಗೈಯಗಲ. ಅಂಚು ಮತ್ತೆ ಕುರುಡು, ಜೊತೆಗೆ ಅಂಟು.

ತಪ್ಪು ಎರಡು. ಮೊದಲನೆಯದು ನನ್ನ ಕೈಯದು. ದೋಸೆಯ ಅಭ್ಯಾಸದಲ್ಲಿ ನಡುವಿಗೆ ಹೊಯ್ದು ಸೌಟಿನ ಬೆನ್ನಿನಿಂದ ತೀಡಿದ್ದೆ. ತೀಡಿದ ಕಡೆಯೆಲ್ಲ ಗುಳ್ಳೆ ಒಡೆಯುತ್ತದೆ. ಇಂಜೆರಾ ಹೊಯ್ಯುವುದು ಉಲ್ಟಾ: ಅಂಚಿನಿಂದ ಶುರುಮಾಡಿ ಸುರುಳಿ ಸುತ್ತುತ್ತ ನಡುವಿಗೆ ಬರಬೇಕು, ಮುಟ್ಟಬಾರದು, ಹಿಟ್ಟು ತಾನೇ ಹರಿದು ಕೂಡಿಕೊಳ್ಳಬೇಕು. ಅದಕ್ಕೆ ಹಿಟ್ಟು ದಪ್ಪ ಮಜ್ಜಿಗೆಯ ಹದಕ್ಕಿರಬೇಕು. ಎರಡನೆಯ ತಪ್ಪು ಕಾವಲಿಯದು. ಇನ್ಫ್ರಾರೆಡ್ ಥರ್ಮಾಮೀಟರ್ ಹಿಡಿದೆ: ನಡುವೆ 235 ಡಿಗ್ರಿ, ಅಂಚಿನಲ್ಲಿ 150. ಗ್ಯಾಸ್ ಒಲೆಯ ಸಣ್ಣ ಬರ್ನರ್ ಮೇಲೆ ದೊಡ್ಡ ಕಬ್ಬಿಣದ ಕಾವಲಿ ಇಟ್ಟರೆ ಹೀಗೇ.

ಇಥಿಯೋಪಿಯದಲ್ಲಿ ಇದಕ್ಕೆ ಮಿತಾದ್ ಇದೆ, ಸುಮಾರು 60 ಸೆಂಟಿಮೀಟರ್ ಅಗಲದ ಮಣ್ಣಿನ ಹೆಂಚು. ಮನೆಯೊಡತಿಯ ಬಳಿ ವಿದ್ಯುತ್ತಿನದೂ ಇತ್ತು. ಮಣ್ಣಿನ ಬಿಲ್ಲೆಯ ಹೊಟ್ಟೆಯಲ್ಲಿ ಕಾಯಿಲ್ ಹುದುಗಿಸಿದ್ದು, ಮೂರೂವರೆ ಕಿಲೋವ್ಯಾಟ್ ಎಳೆಯುತ್ತಿತ್ತು. ಕರೆಂಟ್ ಹೋದ ದಿನ ಹಿತ್ತಿಲಲ್ಲಿ ಮೂರು ಕಲ್ಲು, ಸೌದೆ. “ನಾಳೆ ಮೂರು ಗಂಟೆಗೆ ಬಾ, ಕಲಿಸುತ್ತೇನೆ” ಎಂದಿದ್ದರು ಒಮ್ಮೆ. ಮಧ್ಯಾಹ್ನ ಮೂರಕ್ಕೆ ಹೋದರೆ ಎಲ್ಲ ಮುಗಿದಿತ್ತು. ಅಲ್ಲಿ ಗಂಟೆ ಎಣಿಸುವುದು ಸೂರ್ಯೋದಯದಿಂದ, ನಮ್ಮ ಹಳೆಯ ಗಳಿಗೆಯ ಲೆಕ್ಕದಂತೆ. ಅವರ ಮೂರು ಅಂದರೆ ನಮ್ಮ ಬೆಳಿಗ್ಗೆ ಒಂಬತ್ತು.

ಫೆಬ್ರವರಿ: ಹೆಂಚು ಮಾಡಿಸಿದ್ದು, ಒಡೆದದ್ದು, ಮತ್ತೆ ಮಾಡಿಸಿದ್ದು

ಕುಂಬಾರರಿಗೆ ಕೇಳಿದ ಅಳತೆ 46 ಸೆಂಟಿಮೀಟರ್ ಅಗಲ, ಎರಡು ಸೆಂಟಿಮೀಟರ್ ದಪ್ಪ. ಒಣಗಿ ಬೆಂದು ಕೈಗೆ ಬಂದದ್ದು 42. ಮಣ್ಣು ಅಷ್ಟು ಕುಗ್ಗುತ್ತದೆಂದು ಅವರು ಮೊದಲೇ ಹೇಳಿದ್ದರು, ಲೆಕ್ಕ ಸರಿಯಾಗಿಯೇ ಇತ್ತು. ನಮ್ಮ ಒಲೆಗೆ 42 ಸಾಕು.

ಆತುರ ನನ್ನದು. ತಂದ ದಿನವೇ ಗ್ಯಾಸ್ ಮೇಲಿಟ್ಟು ದೊಡ್ಡ ಉರಿ ಕೊಟ್ಟೆ. ಹನ್ನೊಂದನೇ ನಿಮಿಷಕ್ಕೆ ಟಪ್ ಎಂದು ಸದ್ದಾಗಿ ಅಂಚಿನಿಂದ ನಡುವಿಗೆ ಸೀಳಿತು. ನಾಲ್ಕನೇ ಒಬ್ಬೆಯ ಹಿಟ್ಟು ಉಬ್ಬಿ ಕಾಯುತ್ತಿತ್ತು. ಆ ಹಿಟ್ಟನ್ನು ಸಣ್ಣ ಕಬ್ಬಿಣದ ಕಾವಲಿಯಲ್ಲಿ ಅಂಗೈಯಗಲ ಬಿಲ್ಲೆಗಳಾಗಿ ಬೇಯಿಸಿಬಿಟ್ಟೆ. ಕಣ್ಣೇನೋ ಬಿಟ್ಟಿದ್ದವು, ಮಕ್ಕಳು ಬೆಣ್ಣೆ ಬೆಲ್ಲದ ಜೊತೆ ತಿಂದರು.

ಒಡೆದ ಚೂರು ತೆಗೆದುಕೊಂಡು ಮತ್ತೆ ಕುಂಬಾರರ ಮನೆಗೆ. ಅವರು ಸೀಳನ್ನು ನೋಡಿ, ಒಳಗಿನ ತೇವ ಆವಿಯಾಗಲು ಜಾಗ ಸಿಕ್ಕಿಲ್ಲ, ಮಣ್ಣೂ ಬರೀ ನುಣುಪಾಯಿತು ಎಂದರು. ಎರಡನೆಯದಕ್ಕೆ ಮರಳನ್ನೂ ಹಳೆಯ ಮಡಕೆ ಕುಟ್ಟಿದ ಪುಡಿಯನ್ನೂ ಸೇರಿಸಿದರು. ಆ ಒರಟು ಕಣಗಳು ಬಿಸಿಗೆ ಮಣ್ಣು ಹಿಗ್ಗಲು ಅವಕಾಶ ಕೊಡುತ್ತವೆ, ಸೀಳು ಹುಟ್ಟಿದರೂ ಓಡದಂತೆ ತಡೆಯುತ್ತವೆ. ಹನ್ನೆರಡು ದಿನ ನೆರಳಲ್ಲಿ ಒಣಗಿಸಿದರು. ಹಸಿ ಇರುವಾಗಲೇ ಹೊಳೆಕಲ್ಲಿನಿಂದ ಮೇಲ್ಮೈ ಉಜ್ಜಿ ಕನ್ನಡಿಯಂತೆ ನುಣುಪು ಮಾಡಿಸಿದೆ. ಅದು ಅವರಿಗೆ ಹೊಸದಲ್ಲ, ಆದರೆ ಹೆಂಚಿಗೆ ಯಾಕೆ ಎಂದು ಕೇಳಿದರು. ಇಂಜೆರಾದ ಚಿತ್ರ ತೋರಿಸಿದೆ. ತುಂಬ ಹೊತ್ತು ನೋಡಿದರು.

ಈ ಸಲ ಅವಸರ ಮಾಡಲಿಲ್ಲ. ಹಿತ್ತಿಲಲ್ಲಿ ಇಟ್ಟಿಗೆಯಿಂದ ಮೊಣಕಾಲೆತ್ತರದ ಒಲೆ ಕಟ್ಟಿದೆ, ಬಾಯಿ ಒಂದು ಕಡೆ, ಹೊಗೆಗೆ ಹಿಂದೆ ಸಂದು. ಹೆಂಚಿನ ಅಡಿ ಉರಿ ಒಂದೇ ಕಡೆ ತಾಗದಂತೆ ಹಳೆಯ ತಗಡಿನ ಬಿಲ್ಲೆಯೊಂದನ್ನು ಮೂರು ಬೆರಳು ಕೆಳಗೆ ಇಟ್ಟೆ. ಮೊದಲ ದಿನ ಬರೀ ಕೆಂಡದ ಮೇಲೆ ಒಂದು ಗಂಟೆ. ಎರಡನೇ ದಿನ ಗಂಜಿ ಬಳಿದು ಮತ್ತೆ ಕೆಂಡ; ಹೊಸ ಮಡಕೆಯಲ್ಲಿ ಗಂಜಿ ಕಾಯಿಸಿ ರಂಧ್ರ ಮುಚ್ಚುವ ಪದ್ಧತಿಯೇ. ಮೂರನೇ ದಿನ ಪಳಗಿಸುವುದು.

ಮಿತಾದ್ ಪಳಗಿಸಲು ಅಲ್ಲಿ ‘ಗೊಮೆಂಜೆರ್’ ಎಂಬ ಸಾಸಿವೆ ಜಾತಿಯ ಬೀಜವನ್ನು ಕುಟ್ಟಿ, ಕಾದ ಹೆಂಚಿನ ಮೇಲೆ ಉದುರಿಸಿ ಬಟ್ಟೆಯಿಂದ ಉಜ್ಜುತ್ತಾರೆ. ಅದರ ಎಣ್ಣೆ ಸುಟ್ಟು ಕಪ್ಪು ಪದರವಾಗಿ ಕೂರುತ್ತದೆ. ನಾನು ಹುಚ್ಚೆಳ್ಳು ತೆಗೆದುಕೊಂಡೆ. ಹುಚ್ಚೆಳ್ಳಿಗೂ ತವರು ಇಥಿಯೋಪಿಯ. ಅಲ್ಲಿ ಅದರ ಹೆಸರು ‘ನೂಗ್’, ಉಪವಾಸದ ದಿನಗಳ ಅಡುಗೆಗೆ ಹಳೆಯ ಕಾಲದಿಂದ ಅದರದೇ ಎಣ್ಣೆ. ನಮ್ಮ ಹಳೇ ಮೈಸೂರಿನ ಹೊಲಗಳಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅದನ್ನೇ ಬಿತ್ತುತ್ತಾರೆ. ಸೋದರಮಾವನ ಹೊಲದಲ್ಲಿ ಹುಚ್ಚೆಳ್ಳು ಹಳದಿ ಹೂ ಬಿಟ್ಟು ರಾಗಿ ತೆನೆಗಳ ಮಧ್ಯೆ ನಿಲ್ಲುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಎರಡೂ ಒಂದೇ ಊರಿನವು ಎಂದು ಯಾರೂ ಹೇಳಿರಲಿಲ್ಲ. ಈಗ ಆ ಸಾಲು ನೋಡಿದಾಗೆಲ್ಲ ತಾನಾ ಸರೋವರದ ದಂಡೆಯ ಹೊಲ ಕಣ್ಣಿಗೆ ಬರುತ್ತದೆ.

ನಾಲ್ಕು ಸಲ ಪುಡಿ ಉದುರಿಸಿ ಉಜ್ಜಿದ ಮೇಲೆ ಹೆಂಚು ಕರ್ರಗೆ ಹೊಳೆಯಿತು. ನಡುವೆ 220, ಅಂಚಿನಲ್ಲಿ 205 ಡಿಗ್ರಿ.

ಮಾರ್ಚ್ 3: ಐದನೇ ಒಬ್ಬೆ

ಇಲ್ಲಿ ಸೆಖೆ ಶುರುವಾಗಿತ್ತು. ಬಹಿರ್ ದಾರ್‌ನ ತಂಪಿನಲ್ಲಿ ಮೂರು ದಿನ ಬೇಕಾಗುತ್ತಿದ್ದ ಹುದುಗು ನಮ್ಮ ಅಡುಗೆಮನೆಯ 29 ಡಿಗ್ರಿಯಲ್ಲಿ 36 ಗಂಟೆಗೇ ಮುಗಿಯಿತು. ಹೆಚ್ಚು ಬಿಟ್ಟರೆ ಹುಳಿ ಹಲ್ಲಿಗೆ ಹಿಡಿಯುತ್ತದೆ. ಹಾಗೆ ಮೀರಿ ಹುಳಿತದ್ದಕ್ಕೆ ಅಲ್ಲಿ ‘ಕೊಮ್ತಾತಾ’ ಅನ್ನುತ್ತಾರೆ, ಅದನ್ನು ಬೇಕೆಂದು ತಿನ್ನುವವರೂ ಇದ್ದಾರೆ. ಬಸಿದ ನೀರಿನಲ್ಲಿ ಒಂದು ಲೋಟ ಮುಂದಿನ ಎರ್ಶೋಗೆ ತೆಗೆದಿಟ್ಟೆ.

ಮೂತಿ ಇರುವ ಹಳೆಯ ಕೆಟಲಿನಿಂದ ಅಂಚಿನಿಂದ ನಡುವಿಗೆ ಸುರುಳಿ ಸುತ್ತಿದೆ, ಒಂದಕ್ಕೆ 350 ಎಂ.ಎಲ್. ಹಿಟ್ಟು. ಮೊದಲ ಹತ್ತು ಸೆಕೆಂಡು ಏನೂ ಇಲ್ಲ. ಆಮೇಲೆ ಹೊರಗಿನ ಸುತ್ತಿನಿಂದ ಒಂದೊಂದೇ, ಕೂಡಲೇ ಹತ್ತಿಪ್ಪತ್ತು, ನೂರು, ಕೊನೆಗೆ ನಡುವಿನ ಒದ್ದೆ ಚುಕ್ಕೆಯೂ ಒಡೆಯಿತು. ಇಡೀ ಹೆಂಚು ಕಣ್ಣು. ನನಗೆ ಅಳು ಬಂತು, ಬರೆದಿಡುತ್ತೇನೆ.

ಕಣ್ಣು ಬಿಡುವ ಮೊದಲೇ ಮುಚ್ಚಬಾರದು, ಬಿಟ್ಟ ಮೇಲೆ ತಡಮಾಡಬಾರದು. ನಲವತ್ತು ಸೆಕೆಂಡಿಗೆ ಮುಚ್ಚಳ, ಒಳಗಿನ ಆವಿಯಲ್ಲಿ ಮೇಲ್ಮೈ ಬೇಯಲು ಇನ್ನೆರಡು ನಿಮಿಷ, ಮಗುಚುವಂತಿಲ್ಲ. ಅಲ್ಲಿನ ಮುಚ್ಚಳ ‘ಅಕಂಬಾಲೋ’ ತೇವ ಹೀರಿಕೊಳ್ಳುತ್ತದೆ. ನನ್ನದು ಹಂಡೆಯ ಅಲ್ಯೂಮಿನಿಯಂ ಮುಚ್ಚಳ. ಮೊದಲ ಇಂಜೆರಾದ ಮೇಲೆ ನೀರು ತೊಟ್ಟಿಕ್ಕಿ ಅಲ್ಲಲ್ಲಿ ಕಲೆಯಾಯಿತು. ಎರಡನೆಯದಕ್ಕೆ ಮುಚ್ಚಳದ ಒಳಗೆ ಹತ್ತಿ ಬಟ್ಟೆ ಬಿಗಿದು ಕಟ್ಟಿದೆ, ಸಮಸ್ಯೆ ಮುಗಿಯಿತು. ಎತ್ತಲು ಅಲ್ಲಿ ‘ಸೆಫೇದ್’ ಎಂಬ ಹುಲ್ಲಿನ ತಟ್ಟೆ. ಈಚಲು ಚಾಪೆಯ ಒಂದು ತುಂಡನ್ನು ದುಂಡಗೆ ಕತ್ತರಿಸಿ ಅಂಚು ಹೊಲಿದುಕೊಂಡೆ. ಅಂಚು ತಾನಾಗಿ ಎದ್ದಾಗ ಚಾಪೆ ತೂರಿಸಿ ಜಾರಿಸಿದರೆ ಹರಿಯದೆ ಬರುತ್ತದೆ. ಪ್ರತಿ ಸಲದ ನಡುವೆ ಹುಚ್ಚೆಳ್ಳು ಪುಡಿ ಅದ್ದಿದ ಬಟ್ಟೆಯಿಂದ ಒಂದು ಒರೆಸು.

ಐದು ಇಂಜೆರಾ ಆದವು. ಬಿಸಿಯಲ್ಲಿ ಮೆತ್ತಗೆ, ಚೆನ್ನ. ಸಂಜೆಗೆ ಎರಡು ಮಡಿಕೆ ಮಾಡಿದರೆ ಹರಿದವು. ಇಂಜೆರಾ ಆರಿದ ಮೇಲೆಯೇ ತಿನ್ನುವಂಥದ್ದು, ಮೇಲೋಗರ ಅದರ ಮೇಲೆ ಬಡಿಸುವುದು, ಅದರಿಂದಲೇ ಹಿಡಿದು ಬಾಯಿಗಿಡುವುದು. ಹರಿದರೆ ಕೆಲಸಕ್ಕೆ ಬಾರದು.

ಮಾರ್ಚ್ 10: ಆರನೇ ಒಬ್ಬೆ, ಬೆರಕೆ

ಬೆರಕೆ ಮಾಡುವುದು ಮೋಸವಲ್ಲ. ತಾನಾ ಸರೋವರದ ಪೂರ್ವಕ್ಕಿರುವ ಫೊಗೆರಾ ಬಯಲಿನಲ್ಲಿ ಭತ್ತ ಬೆಳೆಯುತ್ತಾರೆ, ತೆಫ್‌ಗೆ ಅಕ್ಕಿ ಹಿಟ್ಟು ಬೆರೆಸುತ್ತಾರೆ. ಬೇರೆ ಕಡೆ ಜೋಳ, ಬಾರ್ಲಿ, ಮೆಕ್ಕೆಜೋಳ. ಪರದೇಶಗಳಲ್ಲಿ ನೆಲಸಿದ ಇಥಿಯೋಪಿಯದವರು ಗೋಧಿ, ಮೈದಾ ಸೇರಿಸುತ್ತಾರೆ. ಕೈಗೆ ಸಿಕ್ಕಿದ್ದರಲ್ಲಿ ಮಾಡಿಕೊಳ್ಳುವುದು ಈ ಅಡುಗೆಯ ಸ್ವಭಾವ.

ಹಿಟ್ಟನ್ನು ಎರಡು ಪಾತ್ರೆ ಮಾಡಿದೆ. ಒಂದಕ್ಕೆ ರಾಗಿಯ ಜೊತೆ ಐದನೇ ಒಂದು ಪಾಲು ಬಿಳಿಜೋಳ, ಇನ್ನೊಂದಕ್ಕೆ ಅಷ್ಟೇ ಗೋಧಿ. ಜೋಳದ್ದು ಕಣ್ಣು ಬಿಡುವುದರಲ್ಲಿ ಮುಂದು, ಆದರೆ ನಾಲ್ಕು ಗಂಟೆಯಲ್ಲಿ ಬಿಗಿದುಕೊಂಡಿತು. ಆರಿದ ಜೋಳದ ಪಿಷ್ಟ ಗಟ್ಟಿಯಾಗುವುದು ತಣ್ಣಗಿನ ರೊಟ್ಟಿ ತಿಂದವರಿಗೆಲ್ಲ ಗೊತ್ತು. ಗೋಧಿಯದ್ದು ಮಾರನೇ ಬೆಳಿಗ್ಗೆಯೂ ಬಟ್ಟೆಯಂತೆ ಮಡಿಸಬಹುದಾಗಿತ್ತು. ಗೋಧಿ ಒಗ್ಗದವರು ಮನೆಯಲ್ಲಿ ಇಲ್ಲದಿದ್ದರೆ 400 ಗ್ರಾಂ ರಾಗಿ, 100 ಗ್ರಾಂ ಗೋಧಿ: ವಾರದ ಅಡುಗೆಗೆ ನನ್ನ ಲೆಕ್ಕ ಇದು.

ಇದೇ ದಿನ ಹೆಂಚಿನ ಅಂಚಿನಲ್ಲಿ ಕೂದಲೆಳೆಯ ಸೀಳು ಕಂಡಿತು, ಎರಡು ಅಂಗುಲ. ಸುತ್ತಲೂ ದಪ್ಪ ಕಬ್ಬಿಣದ ತಂತಿ ಸುತ್ತಿ ಇಕ್ಕಳದಿಂದ ತಿರುಚಿ ಬಿಗಿದೆ. ಸೀಳಿನೊಳಗೆ ಗಂಜಿ ತುಂಬಿ ಕೆಂಡದ ಮೇಲೆ ಸುಟ್ಟೆ. ಈವರೆಗೆ ಬೆಳೆದಿಲ್ಲ.

ಮಾರ್ಚ್ 18, ಬುಧವಾರ: ಏಳನೇ ಒಬ್ಬೆ, ಪೂರ್ತಿ ಊಟ

ತೆಫ್ ಹಿಟ್ಟಿನ ಡಬ್ಬ ಒಡೆದೆ. 350 ಗ್ರಾಂ ರಾಗಿ, 150 ಗ್ರಾಂ ತೆಫ್. ಗೋಧಿ ಬೇಕಾಗಲಿಲ್ಲ. ಏಳರಲ್ಲಿ ಇದೇ ಉತ್ತಮ: ಮೃದು, ಸ್ವಲ್ಪ ಹುಳಿ, ಅಂಚಿನವರೆಗೂ ಕಣ್ಣು, ಮೂರು ಮಡಿಕೆಗೂ ಜಗ್ಗಲಿಲ್ಲ. ಬಣ್ಣ ಮಾತ್ರ ಮಳೆ ನೆನೆದ ಕೆಮ್ಮಣ್ಣಿನದು.

ಮೇಲೋಗರಕ್ಕೆ ಬೆರ್ಬೆರೆ ಪುಡಿ ಹಿಂದಿನ ದಿನವೇ ಮಾಡಿಟ್ಟಿದ್ದೆ. ನೂರು ಗ್ರಾಂ ಬ್ಯಾಡಗಿ ಮೆಣಸಿನಕಾಯಿ, ಖಾರಕ್ಕೆ ಹದಿನೈದು ಗ್ರಾಂ ಗುಂಟೂರು, ಎರಡು ಚಮಚ ಕೊತ್ತಂಬರಿ ಬೀಜ, ಒಂದು ಚಮಚ ಮೆಂತ್ಯ, ಓಮ, ಕೃಷ್ಣಜೀರಿಗೆ, ಕಾಳುಮೆಣಸು, ನಾಲ್ಕು ಲವಂಗ, ಬೆರಳುದ್ದ ಚಕ್ಕೆ, ಒಣಶುಂಠಿ, ಒಣಗಿಸಿದ ಬೆಳ್ಳುಳ್ಳಿ, ಒಣ ತುಳಸಿ. ಇವೆಲ್ಲ ಅಲ್ಲಿನ ಪುಡಿಯಲ್ಲೂ ಇರುವಂಥವೇ; ಅಲ್ಲಿ ಹಾಕುವ ‘ಬೆಸೊಬೆಲಾ’ ತುಳಸಿಯ ಕುಲದ್ದೇ ಗಿಡ. ಸಿಗದ್ದು ಒಂದೇ, ‘ಕೊರೆರಿಮಾ’, ಏಲಕ್ಕಿಯ ನೆಂಟ. ಅದರ ಬದಲು ಹತ್ತು ಹಸಿರು ಏಲಕ್ಕಿ, ಚಿಟಿಕೆ ಜಾಯಿಕಾಯಿ. ಕರಿ ಏಲಕ್ಕಿ ಹಾಕಬೇಡಿ, ಹೊಗೆವಾಸನೆ ಎಲ್ಲವನ್ನೂ ಮುಚ್ಚಿಬಿಡುತ್ತದೆ.

ನಮ್ಮ ಕೈಗೆ ಕಷ್ಟವಾಗುವುದು ಪುಡಿಯಲ್ಲ, ಕ್ರಮ. ಒಗ್ಗರಣೆಯಿಲ್ಲ. ಎಣ್ಣೆ ಕಾಯಿಸಿ ಈರುಳ್ಳಿ ಹಾಕುವುದಲ್ಲ. ಈರುಳ್ಳಿಯನ್ನು ಒಣ ಪಾತ್ರೆಯಲ್ಲಿ ಹುರಿದು ಆಮೇಲೆ ಎಣ್ಣೆ. ಇದಕ್ಕೆ ‘ಕುಲೇತ್’ ಅನ್ನುತ್ತಾರೆ, ಇಡೀ ಅಡುಗೆಯ ತಳಹದಿ. 200 ಗ್ರಾಂ ಮಸೂರ್ ಬೇಳೆಗೆ ಅರ್ಧ ಕೆಜಿ ಈರುಳ್ಳಿ, ಸಾಸಿವೆಯಷ್ಟು ಸಣ್ಣಗೆ ಹೆಚ್ಚಿದ್ದು. ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ, ಹಿಡಿದಂತಾದರೆ ಚಮಚ ನೀರು. ಈರುಳ್ಳಿ ತನ್ನ ನೀರು ಬಿಟ್ಟು, ಅದನ್ನೇ ಹೀರಿ, ಹಲ್ವದಂತೆ ಮುದ್ದೆಯಾಗುತ್ತದೆ. ಆಗ ಕಾಲು ಲೋಟಕ್ಕಿಂತ ಸ್ವಲ್ಪ ಹೆಚ್ಚು ಎಣ್ಣೆ, ಎರಡೂವರೆ ದೊಡ್ಡ ಚಮಚ ಬೆರ್ಬೆರೆ, ಇನ್ನು ಹತ್ತು ನಿಮಿಷ. ಬೆಳ್ಳುಳ್ಳಿ, ಶುಂಠಿ. ಆಮೇಲೆ ಬೇಳೆ, ಬಿಸಿನೀರು, ಅರ್ಧ ಗಂಟೆ. ಎಣ್ಣೆ ಮೇಲೆ ಕೆಂಪಗೆ ತೇಲಿದರೆ ಮಿಸಿರ್ ವೊತ್ ಆಯಿತು. ಕುಲೇತ್‌ಗೆ ಅವಸರ ಮಾಡಿದರೆ ಹಸಿ ಈರುಳ್ಳಿಯ ಸಿಹಿ ಕೊನೆಯವರೆಗೂ ಉಳಿದುಬಿಡುತ್ತದೆ, ಯಾವ ಮಸಾಲೆಯೂ ಅದನ್ನು ತಿದ್ದಲಾರದು. ಉಪವಾಸವಲ್ಲದ ದಿನ ಎಣ್ಣೆಯ ಬದಲು ‘ನಿತೆರ್ ಕಿಬೆ’, ಮಸಾಲೆ ಹಾಕಿ ಕಾಯಿಸಿದ ಬೆಣ್ಣೆ. ನಮ್ಮ ತುಪ್ಪಕ್ಕೆ ಮೆಂತ್ಯ, ಏಲಕ್ಕಿ, ಅರಿಶಿನ, ಓಮ ಹಾಕಿ ಕಾಯಿಸಿದರೆ ಹತ್ತಿರಕ್ಕೆ ಬರುತ್ತದೆ.

ಅದೇ ಕುಲೇತ್‌ನ ಒಂದು ಪಾಲಿಗೆ ಹುರಿದ ಕಡಲೆಹಿಟ್ಟು ಕದಡಿ ಶಿರೋ ಮಾಡಿದೆ. ಉತ್ತರ ಕರ್ನಾಟಕದ ಝುಣಕ ತಿಂದವರಿಗೆ ಅದರ ಪರಿಚಯ ಬೇಕಿಲ್ಲ, ತೆಳ್ಳಗಿನ ಝುಣಕವೇ. ಎಲೆಕೋಸು, ಆಲೂಗಡ್ಡೆ, ಕ್ಯಾರೆಟ್ ಅರಿಶಿನದಲ್ಲಿ ಬೇಯಿಸಿದ್ದು ಒಂದು. ಅಲ್ಲಿನ ‘ಗೊಮೆನ್’ ಸೊಪ್ಪಿಗೆ ಬದಲಾಗಿ ನವಿಲುಕೋಸಿನ ಎಲೆ, ಬೆಳ್ಳುಳ್ಳಿ ಹಸಿಮೆಣಸಿನ ಜೊತೆ. ಬೀಟ್‌ರೂಟ್ ಬೇಯಿಸಿ ನಿಂಬೆರಸ.

ದೊಡ್ಡ ಹಿತ್ತಾಳೆ ತಟ್ಟೆಯಲ್ಲಿ ಒಂದು ಇಂಜೆರಾ ಹಾಸಿ ಎಲ್ಲವನ್ನೂ ಗುಪ್ಪೆ ಗುಪ್ಪೆಯಾಗಿ ಬಡಿಸಿದೆ. ಒಂದೇ ತಟ್ಟೆಗೆ ಐದು ಕೈ. ಎಂಜಲು ಮಡಿ ಎಂದು ಬೆಳೆದ ಅಮ್ಮ ಕೂರುತ್ತಾರೋ ಇಲ್ಲವೋ ಎಂಬ ಅಳುಕಿತ್ತು. ಕೂತರು. ಅಲ್ಲಿ ಊಟದ ನಡುವೆ ಪ್ರೀತಿಯವರ ಬಾಯಿಗೆ ತುತ್ತಿಡುವುದಕ್ಕೆ ‘ಗುರ್ಶಾ’ ಅನ್ನುತ್ತಾರೆ ಎಂದು ಹೇಳುತ್ತಿದ್ದೆ. ಹೇಳಿ ಮುಗಿಸುವ ಮೊದಲೇ ಅಮ್ಮ ಶಿರೋ ಅದ್ದಿದ ಒಂದು ತುತ್ತನ್ನು ನನ್ನ ಬಾಯಿಗಿಟ್ಟರು.

ರಾತ್ರಿ ಮನೆಯೊಡತಿಗೆ ವಿಡಿಯೋ ಕರೆ ಮಾಡಿ, ಉಳಿದ ಒಂದು ಇಂಜೆರಾವನ್ನು ದೀಪಕ್ಕೆ ಹಿಡಿದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು. ಎಡಗಡೆ ಕೆಳಗೆ ಒಂದು ಕಡೆ ಕುರುಡಾಗಿದೆ, ಹೆಂಚಿನ ಆ ಭಾಗಕ್ಕೆ ಉರಿ ಸಾಲುತ್ತಿಲ್ಲ ಎಂದರು. ತಂತಿ ಬಿಗಿದ ಸೀಳು ಇರುವ ಜಾಗ ಅದೇ. ಶುಕ್ರವಾರದ ಒಬ್ಬೆಗೆ ತಗಡಿನ ಬಿಲ್ಲೆಯನ್ನು ಒಂದು ಬೆರಳು ಬಲಕ್ಕೆ ಸರಿಸಿದ್ದೇನೆ.